ಕಾಮಕ್ಕನ ಭಾನುವಾರ

ಹೋದ ತಿಂಗಳು ದಿಂಡುಗಲ್ಲಿನ ಒಂದು ಕಣ್ಣಾಸ್ಪತ್ರೆಯಲ್ಲಿ ಹನಿ ಹಾಕಿಸಿಕೊಂಡು ಮುಕ್ಕಾಲು ಗಂಟೆ ಕಣ್ಣು ಮುಚ್ಚಿ ಕೂತಿದ್ದೆ. ಕಣ್ಣು ಮುಚ್ಚಿದವನಿಗೆ ಮೂಗು ಚುರುಕಾಗುತ್ತದೆ ನೋಡಿ. ಫಿನಾಯಿಲ್ ವಾಸನೆ ಬಂತು. ನೀರು ಜಾಸ್ತಿ, ಫಿನಾಯಿಲ್ ಕಮ್ಮಿ ಅಂತ ಕೂತಲ್ಲೇ ತೀರ್ಪು ಕೊಟ್ಟೆ. ನೆಲ ಒರೆಸುತ್ತಿದ್ದ ಹೆಂಗಸು ಯಾರನ್ನೋ ತಮಿಳಿನಲ್ಲಿ ಕೇಳಿದಳು, ಈ ಭಾನುವಾರದ ರಜೆ ನನ್ನ ಸರದಿ ಅಲ್ಲವಾ ಸಾರ್ ಅಂತ. "ಪಾಕ್ಕಲಾಂ, ಪಾಕ್ಕಲಾಂ" ಎಂದಿತು ಒಂದು ಗಂಡು ದನಿ. ನೋಡೋಣ, ನೋಡೋಣ. ಇಪ್ಪತ್ತು ವರ್ಷ ಆ ಮಾತನ್ನು ಅದೇ ರಾಗದಲ್ಲಿ ಹೇಳಿ ಸಂಬಳ ತಗೊಂಡವನು ನಾನು.

ತೇನಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ವಚ್ಛತೆಯವರ ಮೇಲ್ವಿಚಾರಕನಾಗಿದ್ದೆ. ಹೆಸರು ದೊಡ್ಡದು, ಕೆಲಸ ಇಷ್ಟೆ: ಕಸಬರಿಗೆ ಸವೆದರೆ ಹೊಸದು ತರಿಸುವುದು, ವಾರಕ್ಕೊಂದು ಡ್ಯೂಟಿ ಚಾರ್ಟು ಬರೆಯುವುದು. ಆ ಚಾರ್ಟಿನ ಮೇಲೆ ನನಗೆ ವಿಪರೀತ ಹೆಮ್ಮೆ. ಸ್ಕೇಲಿಟ್ಟು ಗೆರೆ ಎಳೆದು, ಬೆಳಗಿನ ಪಾಳಿ ನೀಲಿಯಲ್ಲಿ, ಮಧ್ಯಾಹ್ನದ್ದು ಕಪ್ಪಿನಲ್ಲಿ, ರಜೆ ಕೆಂಪಿನಲ್ಲಿ ಬರೆಯುತ್ತಿದ್ದೆ. ನನ್ನ ಮದುವೆಯ ಕಾಗದವನ್ನೂ ಅಷ್ಟು ಮುತುವರ್ಜಿಯಿಂದ ಮಾಡಿಸಿರಲಿಲ್ಲ ಅಂತ ಹೆಂಡತಿ ಈಗಲೂ ಹಂಗಿಸುತ್ತಾಳೆ.

ಏಳು ಜನ ಹೆಂಗಸರು. ದಿನಕ್ಕೊಬ್ಬರಿಗೆ ರಜೆ. ರಜೆಯ ದಿನ ವಾರವಾರವೂ ಒಂದೊಂದು ಮನೆ ಸರಿಯುತ್ತಿತ್ತು, ಹಾಗಾಗಿ ಏಳು ವಾರಕ್ಕೊಮ್ಮೆ ಪ್ರತಿಯೊಬ್ಬರಿಗೂ ಒಂದು ಭಾನುವಾರ ಸಿಗುತ್ತಿತ್ತು. ಎಂಟು ಗಂಟೆ ಮೀರಿ ಯಾರನ್ನೂ ನಿಲ್ಲಿಸುವಂತಿಲ್ಲ, ಕಕ್ಕಸಿನ ಸಾಲು ಒಬ್ಬಳಿಗೇ ಕಟ್ಟುವಂತಿಲ್ಲ, ರಜೆ ಅದಲುಬದಲು ಮಾಡಿದರೆ ಇಬ್ಬರ ಸಹಿಯೂ ಬೇಕು. ಕಾರ್ಮಿಕ ಇಲಾಖೆಯಿಂದ ತಪಾಸಣೆಗೆ ಬಂದವರೊಬ್ಬರು ಚಾರ್ಟನ್ನು ನೋಡಿ, ಇದನ್ನು ಬೇರೆ ಆಸ್ಪತ್ರೆಗಳಿಗೂ ತೋರಿಸಬೇಕು ಕಣ್ರೀ ಎಂದರು. ನಾನು ಒಂದು ವಾರ ನೆಲದ ಮೇಲೆ ನಡೆಯಲಿಲ್ಲ.

ಆ ಏಳು ಜನರಲ್ಲಿ ಕಾಮಕ್ಕ ಒಬ್ಬಳು ನಮ್ಮವಳು. ನಮ್ಮವಳು ಅಂದರೆ ಮನೆಯಲ್ಲಿ ಕನ್ನಡ ಆಡುವವಳು. ಅವಳ ಊರು ಕೊಂಬೈ, ನನ್ನದು ಹನುಮಂತನಪಟ್ಟಿ. ನಮ್ಮ ಹಿರಿಯರು ಯಾವ ಕಾಲದಲ್ಲೋ ಈ ಕಣಿವೆಗೆ ಬಂದು ಬೇಸಾಯಕ್ಕೆ ನಿಂತವರು. ಬೀದಿಗೆ ತಮಿಳು, ಅಡುಗೆಮನೆಗೆ ಕನ್ನಡ. ಕಾಮಕ್ಕನ ಗಂಡ ತೀರಿಕೊಂಡಿದ್ದ. ತೇನಿಯಲ್ಲಿ ಒಂದು ಕೋಣೆ ಹಿಡಿದು ಇದ್ದಳು. ಒಬ್ಬಳೇ ಮಗಳು ಸೆಲ್ವಿ, ವೇದಸಂದೂರಿನ ಹತ್ತಿರದ ನೂಲಿನ ಮಿಲ್ಲಿನಲ್ಲಿ ಕೆಲಸಕ್ಕಿದ್ದು ಅಲ್ಲೇ ಹಾಸ್ಟೆಲಿನಲ್ಲಿ ಉಳಿದಿದ್ದಳು. ಆ ಹಾಸ್ಟೆಲಿನಲ್ಲಿ ಹೆಣ್ಣುಮಕ್ಕಳನ್ನು ನೋಡಲು ಬಿಡುತ್ತಿದ್ದದ್ದು ಭಾನುವಾರ ಮಾತ್ರ.

ಮೊದಮೊದಲು ಕಾಮಕ್ಕ ನನ್ನನ್ನು ತಮ್ಮಾ ಎಂದು ಕರೆದರೆ ನನಗೆ ಖುಷಿಯಾಗುತ್ತಿತ್ತು. ತೇನಿಯ ಆಸ್ಪತ್ರೆಯ ಓಣಿಯಲ್ಲಿ, ಬಕೆಟ್ಟುಗಳ ನಡುವೆ, ನನ್ನ ಅಮ್ಮನ ಮಾತು. ಆದರೆ ಪಾಂಡಿಯಮ್ಮ ಅಂತ ಇನ್ನೊಬ್ಬಳಿದ್ದಳು, ನಾಲಿಗೆ ಭಾರಿ ಹರಿತ. ಒಂದು ದಿನ ಎಲ್ಲರ ಮುಂದೆ, "ಸಾರ್, ನಿಮ್ಮ ಮನೆ ಭಾಷೆ ನಾವೂ ಕಲಿತರೆ ನಮಗೂ ಸುಲಭದ ವಾರ್ಡು ಸಿಗುತ್ತಾ?" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆ ಮಾತು ಒಳಗೆ ಮುಳ್ಳಿನಂತೆ ಕೂತುಬಿಟ್ಟಿತು. ಅಂದಿನಿಂದ ಕಾಮಕ್ಕ ಕನ್ನಡದಲ್ಲಿ ಕೇಳಿದರೆ ನಾನು ತಮಿಳಿನಲ್ಲಿ ಉತ್ತರ ಕೊಡಲು ಶುರುಮಾಡಿದೆ.

ಇಲ್ಲಿ ನಮ್ಮ ಮನೆಗಳ ಒಂದು ರೂಢಿಯನ್ನು ಹೇಳಬೇಕು. ಮದುವೆ, ಕಿವಿಚುಚ್ಚು, ಏನೇ ಇರಲಿ, ಊಟಕ್ಕೆ ಹೊರಗಿನವರು ಮೊದಲ ಪಂಕ್ತಿ. ಮನೆಯವರು ಕಡೆಯ ಪಂಕ್ತಿ. ಪಾಯಸ ತೀರಿಹೋದರೆ ನಮ್ಮವರ ಎಲೆಗೆ ಬರಿ ಅನ್ನ ಸಾರು. ಹಾಗೆ ತಿಂದು ಎದ್ದವರು, ಎಲ್ಲರಿಗೂ ಬಡಿಸಿದೆವಲ್ಲ ಎಂದು ಸಂತೋಷಪಡುತ್ತಾರೆ. ನಮ್ಮವರನ್ನು ನಮ್ಮವರು ಅಂತ ತೋರಿಸುವುದೇ ಅವರನ್ನು ಕಡೆಗೆ ಕೂರಿಸಿ. ಚಿಕ್ಕಂದಿನಿಂದ ನೋಡಿಕೊಂಡು ಬಂದವನು ನಾನು. ಅದನ್ನೇ ತಂದು ಡ್ಯೂಟಿ ಚಾರ್ಟಿಗೆ ಹಚ್ಚಿದೆ.

ಯಾರಾದರೂ ರಜೆ ಬದಲಿಸಿಕೊಡಿ ಅಂತ ಬಂದರೆ ನನ್ನ ಕೈ ತಾನಾಗಿ ಚಾರ್ಟಿನಲ್ಲಿ ಕಾಮಕ್ಕನ ಮನೆಗೆ ಹೋಗುತ್ತಿತ್ತು. ನಮ್ಮವಳು, ಸಹಿಸಿಕೊಳ್ಳುತ್ತಾಳೆ. ಒಂದು ಸಲ ಅವಳ ಭಾನುವಾರವನ್ನು ಬೇರೊಬ್ಬಳಿಗೆ ಕೊಟ್ಟೆ. ಕಾಮಕ್ಕನಿಗೆ ಮಂಗಳವಾರ ಕೊಟ್ಟೆ. ವಾರಕ್ಕೊಂದು ರಜೆ ಸಿಕ್ಕಿತಲ್ಲ, ನಿಯಮಕ್ಕೇನು ಕೊರತೆ? ಒಪ್ಪಿಗೆಯ ಕಾಲಮ್ಮಿನಲ್ಲಿ ಸಹಿ ಹಾಕು ಎಂದೆ. ಹಾಕಿದಳು.

ಅದಾಗಿ ಏಳು ವಾರ ಕಳೆದು ಮತ್ತೆ ಅವಳ ಸರದಿ ಹತ್ತಿರ ಬಂತು. ಆ ಸೋಮವಾರ ಪಾಳಿ ಮುಗಿಸಿ, ಕೈತೊಳೆದು, ಸೀರೆಯ ಸೆರಗಿಗೆ ಒರೆಸಿಕೊಳ್ಳುತ್ತ ನನ್ನ ಮೇಜಿನ ಹತ್ತಿರ ಬಂದು ನಿಂತಳು.

"ತಮ್ಮಾ, ಬರೋ ಆಯ್ತಾರ ನಂದಲ್ವಾ?"

"ಪಾಕ್ಕಲಾಂ."

"ಸೆಲ್ವೀನ ಕರ್ಕೊಂಡ್ ಬಂದ್ಬುಡ್ತೀನಿ. ಹತ್ತಿ ಧೂಳಿಗೆ ಕೆಮ್ಮು ನಿಲ್ತಾ ಇಲ್ವಂತೆ. ತಲೆ ತಿರುಗ್ತದೆ, ಮಿಷಿನ್ ಮುಂದೆ ನಿಲ್ಲಾಕೆ ಭಯ ಆಯ್ತದೆ, ಬಂದು ಕರ್ಕೊಂಡ್ ಹೋಗವ್ವಾ ಅಂತ ಫೋನ್ನಾಗೆ ಅಳ್ತಾಳೆ. ತಾಯೇ ಬಂದು ಕಾಗ್ದಕ್ಕೆ ಕೈಯೆಳುತ್ತು ಹಾಕಿದ್ರೇನೇ ಬುಡೋದಂತೆ. ಅದೂ ಆಯ್ತಾರ."

ಮಾತೆಲ್ಲ ಸ್ಪಷ್ಟವಾಗಿಯೇ ಕೇಳಿತು. ಇವತ್ತಿಗೂ ಒಂದಕ್ಷರ ಮರೆತಿಲ್ಲ.

ಬುಧವಾರ ಪಾಂಡಿಯಮ್ಮ ಬಂದಳು. ಅವಳ ಅಣ್ಣನ ಮಗುವಿಗೆ ಭಾನುವಾರ ಕಿವಿಚುಚ್ಚು, ಸೋದರತ್ತೆ ಇಲ್ಲದೆ ಆಗುವುದಿಲ್ಲ. ಅವಳ ಕೇಳಿಕೆಯಲ್ಲೂ ತಪ್ಪಿರಲಿಲ್ಲ. ಆಗುವುದಿಲ್ಲಮ್ಮ, ಅದು ಕಾಮಕ್ಕನ ದಿನ, ಅವಳಿಗೆ ತುರ್ತಿದೆ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಪಾಂಡಿಯಮ್ಮನ ತುಟಿಯ ಕೊನೆಯಲ್ಲಿ ಆ ಹಳೆಯ ನಗು ಇದೆಯೇನೋ ಎನ್ನಿಸಿತು. ಇರಲಿಲ್ಲವೇನೋ, ಯಾರಿಗೆ ಗೊತ್ತು. ನಾನು ಕಾಮಕ್ಕನ ಹೆಸರಿನ ಮುಂದಿನ ಕೆಂಪು ಗುರುತನ್ನು ಉಜ್ಜಿ ಅಳಿಸಿದೆ.

ಸಂಜೆ ಕಾಮಕ್ಕನಿಗೆ ಚಾರ್ಟು ತೋರಿಸಿ, ಎಲ್ಲರೂ ಕೇಳುವಂತೆ ತಮಿಳಿನಲ್ಲಿ ಹೇಳಿದೆ: ಈ ಸಲ ಶುಕ್ರವಾರ ತಗೊಳ್ಳಮ್ಮ, ಭಾನುವಾರ ಹೇಳದೆ ತಪ್ಪಿಸಿಕೊಂಡರೆ ಹೆಸರು ಮೇಲಿನವರಿಗೆ ಹೋಗುತ್ತದೆ. ನಾನು ಅಕ್ಕಾ ಎನ್ನಲಿಲ್ಲ. ಅವಳು ಚಾರ್ಟನ್ನು ನೋಡಿದಳು, ನನ್ನನ್ನು ನೋಡಿದಳು, ಪೆನ್ನು ಕೇಳಿ ಇಸಿದುಕೊಂಡು ಸಹಿ ಹಾಕಿದಳು.

ಆ ಭಾನುವಾರ ಕಾಮಕ್ಕ ಹೆರಿಗೆ ವಾರ್ಡಿನ ನೆಲ ಒರೆಸಿದಳು. ನಾಲ್ಕು ದಿನ ಬಿಟ್ಟು ಗುರುವಾರ ವೇದಸಂದೂರಿನಿಂದ ಫೋನು ಬಂತು. ಸೆಲ್ವಿಗೆ ಮಿಷಿನ್ನಿನ ಮುಂದೆ ತಲೆ ತಿರುಗಿತ್ತು. ಬಲಗೈಯ ಎರಡು ಬೆರಳು ಹೋಗಿದ್ದವು.

ಕಾಮಕ್ಕ ಒರೆಸುವ ಬಟ್ಟೆಯನ್ನು ಬಕೆಟ್ಟಿನಲ್ಲಿ ಬಿಟ್ಟು ಹಾಗೇ ಬಸ್ಸು ಹತ್ತಿದಳು. ಆಮೇಲೆ ಕೆಲಸಕ್ಕೆ ಬರಲೇ ಇಲ್ಲ. ಮಗಳನ್ನು ಕರೆದುಕೊಂಡು ಕೊಂಬೈಗೆ ಹೋದಳು ಎಂದು ತಿಳಿಯಿತು. ಆಸ್ಪತ್ರೆಯಲ್ಲಿ ನನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ. ಕೇಳುವುದಕ್ಕೇನಿತ್ತು? ಎರಡು ಸಹಿಗಳೂ ಸರಿಯಾಗಿದ್ದವು. ಪಾಂಡಿಯಮ್ಮ ಮಾತ್ರ ವಿಷಯ ಗೊತ್ತಾದ ದಿನ ನನ್ನ ಮೇಜಿನ ಮುಂದೆ ನಿಂತು ಅತ್ತಳು. "ನನಗೆ ಹೇಳಬಾರದಿತ್ತಾ ಸಾರ್? ಹೇಳಿದ್ದರೆ ನಾನು ಕೇಳುತ್ತಿರಲಿಲ್ಲವಲ್ಲ." ಮುಂದೆ ಏಳು ವರ್ಷ ಅದೇ ಮೇಜಿನಲ್ಲಿ ಕೂತು, ಅದೇ ಸ್ಕೇಲಿನಿಂದ ಗೆರೆ ಎಳೆದು, ನಿವೃತ್ತನಾಗಿ ದಿಂಡುಗಲ್ಲಿಗೆ ಬಂದೆ. ನಾಚಿಕೆಗೆಟ್ಟವನು ಅನ್ನಿ, ಒಪ್ಪಿಕೊಳ್ಳುತ್ತೇನೆ.

ಕಣ್ಣಾಸ್ಪತ್ರೆಯಲ್ಲಿ ಆ ಮಾತು ಕೇಳಿದ ಮೇಲೆ ಮನಸ್ಸು ನಿಲ್ಲಲಿಲ್ಲ. ಹೋದ ಬುಧವಾರ ಕೊಂಬೈಗೆ ಹೋದೆ. ಕಾಮಕ್ಕ ತಲೆ ಪೂರ್ತಿ ನರೆತು ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದಳು. "ಯಾರು, ತಮ್ಮನಾ? ಬಾ, ಕೂತ್ಕೋ" ಎಂದಳು. ಸೆಲ್ವಿ ಈಗ ಮದುವೆಯಾಗಿ ಅಲ್ಲೇ ಪಕ್ಕದ ಮನೆಯಲ್ಲಿದ್ದಾಳೆ. ಮಾಮಾ ಬಂದವರೆ ಎಂದು ಕಾಫಿ ತಂದುಕೊಟ್ಟಳು. ಲೋಟವನ್ನು ಎಡಗೈಯಿಂದ ಕೊಟ್ಟು, "ತಪ್ಪು ತಿಳ್ಕೋಬ್ಯಾಡಿ ಮಾಮಾ" ಎಂದು ಒಳಗೆ ಹೋದಳು.

ಬಸ್ಸಿನಲ್ಲಿ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು. "ಅಕ್ಕಾ, ಆ ಆಯ್ತಾರ ನಿಂದು" ಎಂದೆ ಅಷ್ಟೆ.

"ಗೊತ್ತು. ಏಳ್ ವಾರ ಎಣಿಸಾಕೆ ನಂಗೆ ಬರಲ್ವಾ?"

"ಮತ್ತೆ ಯಾಕೆ ಜಗಳ ಆಡ್ಲಿಲ್ಲ ನೀನು? ಇನ್ನೊಂದ್ ಸಲ ಕೇಳ್ಲಿಲ್ಲ?"

"ಒಂದ್ ಸಲ ಕೇಳಿದ್ನಲ್ಲ ತಮ್ಮಾ. ನಮ್ ಮಾತ್ನಾಗೇ ಕೇಳಿದ್ನಲ್ಲ."

ಸ್ವಲ್ಪ ಹೊತ್ತು ಅವರೆಕಾಯಿ ಬಿಡಿಸಿದಳು. ಆಮೇಲೆ ಒಳಗಿನ ಕಡೆ ನೋಡಿ ದನಿ ತಗ್ಗಿಸಿದಳು. "ಅವ್ಳ ಮುಂದೆ ಈ ಮಾತು ಎತ್ಬ್ಯಾಡ. ಆಸ್ಪತ್ರೆ ರೂಲ್ಸು, ಬುಡ್ಲಿಲ್ಲ ಅಂತ ಹೇಳಿವ್ನಿ. ರೂಲ್ಸು ಅಂತ ಸಮಾಧಾನ ಮಾಡ್ಕೊಂಡವ್ಳೆ. ಒಬ್ಬ ಮನುಸ ಮಾಡಿದ್ದು, ಅದೂ ನಮ್ಮೋನು ಅಂದ್ರೆ ತಾಳಲ್ಲ."

ಸೆಲ್ವಿ ಬಂದು ಬಾಗಿಲಿಗೆ ಒರಗಿ ನಿಂತಳು. "ಅಷ್ಟ್ ಕಷ್ಟಾನಾ ಮಾಮಾ ಆ ರೂಲ್ಸು?" ಎಂದಳು.

"ಹೌದಮ್ಮಾ" ಎಂದೆ. "ಬಲು ಕಷ್ಟ."

ಸೆಲ್ವಿ ತಮಿಳು ಚೆನ್ನಾಗಿ ಓದುತ್ತಾಳೆ, ಕೈಗೆ ಸಿಕ್ಕಿದ್ದೆಲ್ಲ ಓದುತ್ತಾಳಂತೆ. ಕನ್ನಡವನ್ನು ನಮ್ಮ ಕಡೆ ಆಡುತ್ತಾರೆಯೇ ಹೊರತು ಓದುವವರಿಲ್ಲ. ನಾನೂ ನಿವೃತ್ತನಾದ ಮೇಲೆ ಹೊತ್ತು ಹೋಗದೆ ಅಕ್ಷರ ಕಲಿತವನು. ಇದನ್ನು ನಿಮಗೆ ಕನ್ನಡದಲ್ಲಿ ಬರೆದು ಹೇಳುತ್ತಿರುವುದು ಭಾಷೆಯ ಮೇಲಿನ ಅಭಿಮಾನದಿಂದಲ್ಲ. ಆ ಮನೆಯಲ್ಲಿ ಯಾರೂ ಓದಲಾರರು ಎಂಬ ಧೈರ್ಯದಿಂದ.