ಬೊಜ್ಜಿನ ಮನೆಗೆ ಬಂದ ನೆಂಟರು

ರವಿಕೆ ಹೊಲಿಯುವವರು ಪಕ್ಕದ ಹೊಲಿಗೆಯೊಳಗೆ ಒಂದಿಷ್ಟು ಹೆಚ್ಚಿನ ಬಟ್ಟೆ ಮಡಚಿ ಬಿಟ್ಟಿರುತ್ತಾರೆ. ನಾವು ಕೇಳುವುದಿಲ್ಲ, ಅವರು ಹೇಳುವುದಿಲ್ಲ. ಮುಂದೊಂದು ದಿನ ನಾವು ದಪ್ಪಗಾಗಿಯೇ ಆಗುತ್ತೇವೆಂಬ ಭರವಸೆ ಮಾತ್ರ ಇಬ್ಬರಿಗೂ ಇರುತ್ತದೆ. ನನ್ನ ಹಸಿರು ರೇಷ್ಮೆ ರವಿಕೆಯಲ್ಲಿ ಆ ಭರವಸೆ ಪೂರ್ತಿ ಈಡೇರಿತ್ತು. ಮದುವೆಯಿಂದ ಮದುವೆಗೆ ಒಂದೊಂದೇ ಸಾಲು ಹೊಲಿಗೆ ಬಿಚ್ಚುತ್ತ ಬಂದು, ಇನ್ನು ಬಿಚ್ಚಲು ಏನೂ ಉಳಿಯದಾದಾಗ ಉರ್ವದ ನಮ್ಮ ಟೈಲರಮ್ಮ ಕಂಕುಳ ಕೆಳಗೆ ಬೇರೆ ಬಟ್ಟೆಯ ತೇಪೆ ಕೊಟ್ಟಿದ್ದರು. ಕೈ ಎತ್ತದಿದ್ದರೆ ಅದು ಕಾಣುವುದಿಲ್ಲ. ಹಾಗಾಗಿ ಎಷ್ಟೋ ವಧೂವರರಿಗೆ ನಾನು ಕೈ ಎತ್ತದೆಯೇ ಅಕ್ಷತೆ ಹಾಕಿದ್ದೇನೆ.

ಹೀಗೆ ಸುಖವಾಗಿ ಹಿಗ್ಗುತ್ತಿದ್ದ ನನಗೆ ಇಳಿಯುವ ಯೋಚನೆ ಬಂದದ್ದು ತಮ್ಮ ಜಗದೀಶನಿಂದಾಗಿ. ಅವನ ಎರಡೂ ಕಿಡ್ನಿಗಳು ಕೈಕೊಟ್ಟು, ಫಳ್ನೀರಿನ ಆಸ್ಪತ್ರೆಯೊಂದರಲ್ಲಿ ಡಯಾಲಿಸಿಸ್ ನಡೆಯುತ್ತಿತ್ತು. ಬಾಯಾರಿದರೆ ನೀರನ್ನೂ ಅಳೆದು ಕುಡಿಯಬೇಕಾದ ಸ್ಥಿತಿ. ನನ್ನದೊಂದನ್ನು ಕೊಡುತ್ತೇನೆಂದು ಹೊರಟೆ. ರಕ್ತ ಹೊಂದಿತು, ಹೊಟ್ಟೆ ಹೊಂದಲಿಲ್ಲ. "ಕೊಡುವವರೂ ಗಟ್ಟಿ ಇರ್ಬೇಕಲ್ಲ? ನಿಮ್ಮ ಶುಗರ್ ಗಡಿಯಲ್ಲಿ ಉಂಟು. ತೂಕ ಇಳಿಸಿ ಬನ್ನಿ, ಆಮೇಲೆ ನೋಡುವ" ಎಂದರು ಡಾಕ್ಟರಮ್ಮ. ಕೊಬ್ಬಿಗೂ ಶುಗರಿಗೂ ಎಂತ ಸಂಬಂಧ ಎಂದು ಕೇಳಿದ್ದಕ್ಕೆ ಅವರು ಬೇಸರಿಸದೆ ವಿವರಿಸಿದರು.

ಕೊಬ್ಬೆಂದರೆ ಅಟ್ಟದ ಮೇಲಿನ ಹಳೆಯ ಹಾಸಿಗೆಯಂತೆ ಸುಮ್ಮನೆ ಬಿದ್ದುಕೊಂಡಿರುವ ವಸ್ತುವೆಂದು ನಾನು ತಿಳಿದಿದ್ದೆ. ಅದೊಂದು ಜೀವಂತ ವಠಾರವಂತೆ. ಮೈ ಹದದಲ್ಲಿರುವಾಗ ಅಲ್ಲಿ ರೋಗನಿರೋಧಕ ಕಣಗಳು ಕಸ ಗುಡಿಸುತ್ತ, ಜಗಳವಾಗದಂತೆ ನೋಡಿಕೊಳ್ಳುತ್ತ ತಣ್ಣಗಿರುತ್ತವೆ. ಕೊಬ್ಬಿನ ಕೋಶಗಳು ಅಳತೆ ಮೀರಿ ಉಬ್ಬಿದಾಗ ಕೆಲವು ಉಸಿರುಗಟ್ಟಿ ಸಾಯುತ್ತವೆ. ಸುದ್ದಿ ಮುಟ್ಟಿದ್ದೇ ತಡ, ಭಕ್ಷಕ ಕಣಗಳೆಂಬವು ಸಹಾಯಕ್ಕೆ ಓಡಿಬಂದು ಸತ್ತ ಕೋಶವನ್ನು ಸುತ್ತುಗಟ್ಟುತ್ತವೆ. ಬಂದವು ಕೆಲಸ ಮುಗಿಸಿ ಹೊರಡುವುದಿಲ್ಲ, ಇನ್ನಷ್ಟನ್ನು ಕರೆಸಿಕೊಳ್ಳುತ್ತವೆ. ಹೀಗೆ ಗಾಯವಿಲ್ಲದಲ್ಲಿ ಗಾಯದ ಗದ್ದಲವೆದ್ದು, ಜ್ವರವಿಲ್ಲದೆ ನೋವಿಲ್ಲದೆ ಒಳಗೊಳಗೇ ಹೊಗೆಯಾಡುವ ಉರಿಯೂತ ಶುರುವಾಗುತ್ತದೆ. ಆ ಗದ್ದಲ ರಕ್ತದೊಡನೆ ಮೈಯೆಲ್ಲ ಸುತ್ತಿ, ಇನ್ಸುಲಿನ್ ಬಂದು ಬಾಗಿಲು ತಟ್ಟಿದರೂ ಜೀವಕೋಶಗಳಿಗೆ ಕೇಳಿಸದಂತಾಗಿ, ಶುಗರ್ ರಕ್ತದಲ್ಲೇ ಉಳಿದುಬಿಡುತ್ತದೆ. ನೋಡಿ, ಇದರಲ್ಲಿ ಕೆಟ್ಟವರು ಯಾರೂ ಇಲ್ಲ. ಎಲ್ಲರೂ ಉಪಕಾರಕ್ಕೆಂದೇ ಬಂದವರು.

ಇದು ನನಗೆ ಸರಿಯಾಗಿ ಅರ್ಥವಾದದ್ದು ನಾನು ಇಳಿಯತೊಡಗಿದ ಮೇಲೆ. ನಮ್ಮಲ್ಲಿ ದಪ್ಪಗಾದವರನ್ನು ಯಾರೂ ನೋಡಲು ಬರುವುದಿಲ್ಲ. ಸೊರಗಿದರೆ ಬರುತ್ತಾರೆ, ಅದೂ ಬರಿಗೈಯಲ್ಲಿ ಬರುವುದಿಲ್ಲ. ಎಲ್ಲ ಖಾತ್ರಿಯಾಗುವವರೆಗೆ ಕಿಡ್ನಿ ಕೊಡುವ ವಿಷಯ ಯಾರಿಗೂ ಹೇಳಬೇಡವೆಂದು ಜಗದೀಶ ಕೇಳಿಕೊಂಡಿದ್ದರಿಂದ ನಾನು ಬಾಯಿ ಬಿಟ್ಟಿರಲಿಲ್ಲ. ಮೊದಲು ಬಂದವರು ನಮ್ಮ ಚಿಕ್ಕಮ್ಮ.

"ಎಂತ ಮಾರಾಯ್ತಿ, ಹೀಗೆ ಸೊರಗಿದ್ದಿ? ಹೊಟ್ಟೆಗೆ ಎಂತ ತಿನ್ತಿ ನೀನು?" ಎಂದು ಎದುರಿಗೇ ಕೂತು, ತಂದಿದ್ದ ಕೋರಿ ರೊಟ್ಟಿ ಮುಗಿಯುವವರೆಗೆ ಕದಲಲಿಲ್ಲ. ಹೋಗುವಾಗ ನಾಲ್ಕು ಕಡೆ ಫೋನೂ ಮಾಡಿದರು. ಮರುದಿನ ಪತ್ರೊಡೆ ಬಂತು, ಅದರ ಬೆನ್ನಿಗೆ ಗೋಳಿಬಜೆ. ಬೇಡವೆಂದರೆ "ಪಾಪ, ಬಾಯಿರುಚಿಯೇ ಹೋಗಿದೆ" ಎಂಬ ಸುದ್ದಿ ಹಬ್ಬಿ ಇನ್ನಿಬ್ಬರು ಬರುತ್ತಿದ್ದರು. ಇಳಿಯುತ್ತಿದ್ದ ತೂಕ ನಿಂತಿತು, ಮೆಲ್ಲಗೆ ಏರತೊಡಗಿತು. ಅತ್ತ ಜಗದೀಶನ ಮುಖ ವಾರದಿಂದ ವಾರಕ್ಕೆ ಊದಿಕೊಳ್ಳುತ್ತಿತ್ತು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಚಿಕ್ಕಮ್ಮ ಮತ್ತೆ ಬಂದು ಡಬ್ಬದ ಮುಚ್ಚಳ ತೆಗೆದಾಗ ತಡೆದುಕೊಳ್ಳಲಾಗಲಿಲ್ಲ. "ಜಗ್ಗುವಿಗೆ ಕಿಡ್ನಿ ಕೊಡ್ಲಿಕ್ಕೆ ಹೊರಟದ್ದು ಚಿಕ್ಕಮ್ಮ. ಈ ಹೊಟ್ಟೆ ಇಳೀದಿದ್ರೆ ಡಾಕ್ಟ್ರು ಒಪ್ಪುವುದಿಲ್ಲ" ಎಂದುಬಿಟ್ಟೆ.

ಅವರು ಡಬ್ಬಕ್ಕೆ ಮುಚ್ಚಳ ಹಾಕಿ, "ಮೊದ್ಲೇ ಹೇಳ್ಲಿಕ್ಕೆ ಎಂತ ಆಗಿತ್ತು ನಿಂಗೆ? ನಾನೇ ಅವನ ದಾರಿಗೆ ಅಡ್ಡ ಕೂತೆನಲ್ಲ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದು ಹೋದರು. ಮರುದಿನ ಬೆಳಿಗ್ಗೆ ಬರಿಗೈಯಲ್ಲಿ ಬಂದು ನಿಂತಿದ್ದಾರೆ, ಸೀರೆಯ ಕೆಳಗೆ ಮಗನ ಕ್ಯಾನ್ವಾಸ್ ಶೂ. "ನಡಿ, ಮಾರ್ಕೆಟಿನವರೆಗೆ ಹೋಗಿ ಬರುವ" ಎಂದರು. ಅಂದಿನಿಂದ ದಿನವೂ ನಡೆದೆವು. ಡಬ್ಬ ಹಿಡಿದು ಬಂದ ನೆಂಟರನ್ನು ಅವರೇ ಮೆಟ್ಟಿಲ ಬುಡದಲ್ಲಿ ತಡೆದು, ಎಂತದೋ ಹೇಳಿ ವಾಪಸು ಕಳಿಸುತ್ತಿದ್ದರು. ಮನೆಯ ಗದ್ದಲ ತಣ್ಣಗಾಯಿತು, ಮೈಯೊಳಗಿನದೂ ತಣ್ಣಗಾಗಿರಬೇಕು; ಮಳೆಗಾಲ ಮುಗಿಯುವಷ್ಟರಲ್ಲಿ ಡಾಕ್ಟರಮ್ಮ ಒಪ್ಪಿದರು.

ಆಪರೇಶನ್ನಿನ ಗಾಯ ಮಾಗಿದ ಮೇಲೆ, ಮೊನ್ನೆ ಚಿಕ್ಕಮ್ಮನ ಮಗನ ಮದುವೆಗೆ ಅದೇ ಹಸಿರು ರವಿಕೆ ತೊಟ್ಟೆ. ಟೈಲರಮ್ಮ ತೇಪೆ ತೆಗೆದು, ಮೊದಲ ಸಾಲಿನ ಹತ್ತಿರವೇ ಹೊಸ ಹೊಲಿಗೆ ಹಾಕಿದ್ದರು. ಒಳಗೆ ಮಡಚಿದ ಬಟ್ಟೆಯಲ್ಲಿ ಹಳೆಯ ಸೂಜಿಯ ತೂತುಗಳು ಹಾಗೆಯೇ ಉಳಿದಿವೆ. ತೂಕ ಇಳಿದರೂ ಆ ಭಕ್ಷಕ ಕಣಗಳು ಹಳೆಯ ಗದ್ದಲವನ್ನು ಬೇಗ ಮರೆಯುವುದಿಲ್ಲವಂತೆ, ಆದ್ದರಿಂದ ನಡಿಗೆ ಬಿಡುವಂತಿಲ್ಲ. ಧಾರೆಯ ಹೊತ್ತಿಗೆ ಕೈ ಪೂರ್ತಿ ಎತ್ತಿ ಅಕ್ಷತೆ ಹಾಕಿದೆ. ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿದ್ದ ಜಗದೀಶ ಬಡಿಸುವವನ ಕೈಯಿಂದ ತುಂಬಿದ ಲೋಟ ತೆಗೆದುಕೊಂಡು, ನಿಲ್ಲಿಸದೆ ಗಟಗಟ ಕುಡಿದು, ಲೋಟ ಮುಂದೆ ಹಿಡಿದ.

"ನೀರು ಇನ್ನೂ ಉಂಟಾ?" ಎಂದು ಕೇಳಿದ.