ಖಿಯೆಮ್ ಬೆಚ್ಚಿದ ದಿನ
ಹಡಗಿನಲ್ಲಿ ಅಡುಗೆ ಮಾಡುವ ಖಿಯೆಮ್ ಹದಿನೈದು ವರ್ಷದ ಮೇಲೆ ಸೈಗಾನಿಗೆ ಮರಳಿದ ದಿನ ಬೆಳಗಿನಿಂದ ಬೆಚ್ಚುತ್ತಲೇ ಇದ್ದ. ಮೋಟರ್‌ಬೈಕುಗಳು ನಿಲ್ಲಲಿ ಎಂದು ರಸ್ತೆಯಂಚಿನಲ್ಲಿ ಅರ್ಧ ತಾಸು ಕಾದ. ನಾವು ನಡೆಯುತ್ತಿದ್ದರೆ ಅವೇ ಸರಿದು ಹೋಗುತ್ತವೆ ಎಂಬುದನ್ನೂ ಮರೆತಿದ್ದ. ಕಾಲುವೆ ಮುಚ್ಚಿದ್ದಕ್ಕೆ ಬೆಚ್ಚಿದ, ಹುಣಸೆಮರ ಕಡಿದಿದ್ದಕ್ಕೆ ಬೆಚ್ಚಿದ, ಕಾಫಿಯೊಳಗಿನ ಐಸಿನ ಗಾತ್ರ ಕಂಡೂ ಬೆಚ್ಚಿದ. ಎಲ್ಲಕ್ಕೂ ಅವನದು ಒಂದೇ ಮಾತು: "ನಮ್ಮ ಕಾಲದಲ್ಲಿ ಹೀಗಿರಲಿಲ್ಲ ಬಿಡಿ." "ನಿಮ್ಮ ಕಾಲ ಮುಗಿದು ಎಷ್ಟು ದಿನ ಆಯ್ತು ಚಿಕ್ಕಪ್ಪ?" ಎಂದು ಕಾಫಿಯವಳು ಕೇಳಿದ್ದಕ್ಕೆ ಮುಖ ಊದಿಸಿಕೊಂಡು ಎದ್ದ. ಓಣಿಯ ಕೊನೆಯ ಮನೆಬಾಗಿಲಲ್ಲಿ ಅವನನ್ನು ಕಂಡ ತಂಗಿ ಹ್ವೇ ಗೋಡೆ ಹಿಡಿದು ನಿಂತಳು. ಒಳಗೆ ತೀರಿಹೋದ ಹಿರಿಯರನ್ನು ಪೂಜಿಸುವ ಪೀಠದ ಮೇಲೆ, ಅಪ್ಪ ಅಮ್ಮನ ಪಟಗಳ ಪಕ್ಕ, ಊದುಬತ್ತಿಯ ಹೊಗೆಯಲ್ಲಿ ಖಿಯೆಮನದೇ ಪಟವಿತ್ತು. "ಒಂದು ಕಾಗದ ಇಲ್ಲ. ಏಳು ವರ್ಷ ಕಾದೆ ಅಣ್ಣಾ. ಆಮೇಲೆ ಪ್ರತಿ ವರ್ಷ ನೀನು ಮನೆ ಬಿಟ್ಟ ದಿನಾನೇ ನಿನ್ನ ತಿಥಿ ಮಾಡ್ಕೊಂಡು ಬಂದೆ. ನಿನಗಿಷ್ಟ ಅಂತ ಹುಳಿ ಮೀನುಸಾರೇ ಇಡ್ತೀನಿ." ಖಿಯೆಮ್ ತನ್ನ ಪಟವನ್ನೇ ನೋಡುತ್ತ ಚಪ್ಪಲಿ ಬಿಟ್ಟು ಒಳಗೆ ಬಂದ. ಹ್ವೇ ಕಣ್ಣೊರೆಸಿಕೊಂಡು ಕುರ್ಚಿ ಹತ್ತಿ, ಪಟಕ್ಕೆ ಕೈಹಾಕಿ, ತಿರುಗಿ ಕೇಳಿದಳು: "ತೆಗೀಲಾ? ಇಲ್ಲ, ಮತ್ತೆ ಹೊರಡೋನಾ ನೀನು?"