ಅರಸೀಕೆರೆಯಲ್ಲಿ ಅಪ್ಪನ ಜಿಲ್ಲೆ

ಹಳೇಬೀಡಿನಿಂದ ಬಂದ ಬಸ್ಸಿನಲ್ಲೇ ಚೀಲ ಮರೆತು ಅರಸೀಕೆರೆಯಲ್ಲಿ ಇಳಿದುಬಿಟ್ಟಿದ್ದೆ. ಬಟ್ಟೆ ಹೋದರೆ ಹೋಗಲಿ. ಜಾವಗಲ್‌ನಲ್ಲಿ ಅತ್ತೆಗೆ ತೋರಿಸಿ ವಾಪಸ್ ತರುತ್ತಿದ್ದ ಅಪ್ಪನ ಶಾಲೆಯ ಸರ್ಟಿಫಿಕೇಟು ಅದರಲ್ಲಿತ್ತು. ಅಪ್ಪನದೆಂದು ಮನೆಯಲ್ಲಿ ಉಳಿದಿರುವ ಕಾಗದ ಅದೊಂದೇ.

ಓಡಿಬಂದು ವಿಚಾರಿಸಿದರೆ, ಕಂಡಕ್ಟರ್ ಆಗಲೇ ಚೀಲವನ್ನು ಬಸ್ ನಿಲ್ದಾಣದ ಕಂಟ್ರೋಲರ್ ಮೇಜಿಗೆ ಒಪ್ಪಿಸಿ ಹೋಗಿದ್ದರು.

"ಒಳಗೇನೈತೆ ಹೇಳ್ರೀ," ಎಂದರು ಕಂಟ್ರೋಲರ್. ಹೇಳಿದೆ. ಅವರು ಸರ್ಟಿಫಿಕೇಟು ಬಿಡಿಸಿ ಗಟ್ಟಿಯಾಗಿ ಓದಿದರು: ಕಾಸರಗೋಡು ತಾಲ್ಲೂಕು, ದಕ್ಷಿಣ ಕನ್ನಡ ಜಿಲ್ಲೆ. ಆಮೇಲೆ ನನ್ನ ಆಧಾರ್ ಕಾರ್ಡು ನೋಡಿ ಹುಬ್ಬು ಗಂಟಿಕ್ಕಿದರು. "ಇದ್ರಲ್ಲಿ ಕೇರಳ ಅಂತೈತಲ್ಲ?"

"ಅಪ್ಪ ಓದುವಾಗ ಆ ಜಿಲ್ಲೆ. ರಾಜ್ಯಗಳು ಬೇರೆ ಆದ ಮೇಲೆ ಕೇರಳಕ್ಕೆ ಸೇರಿತು. ಊರು ಮಾತ್ರ ಅಲ್ಲೇ ಉಂಟು," ಎಂದೆ.

ಅವರು ನಕ್ಕರು. "ನಮ್ಮಜ್ಜೀದೂ ಹಿಂಗೇ ಕಣ್ರೀ. ಅವರ ಕಾಗ್ದದಾಗೆ ಕಡೂರು ಜಿಲ್ಲೆ ಅಂತೈತೆ. ಈಗ ಕಡೂರು ಬರೀ ತಾಲ್ಲೂಕು. ಅಜ್ಜಿ ಸಾಯೋಗಂಟ ಜಿಲ್ಲೆ ಅಂತ್ಲೇ ಅಂತಿದ್ರು."

ಕಾರ್ಡಿನಲ್ಲೂ ಸರ್ಟಿಫಿಕೇಟಿನಲ್ಲೂ ಅಪ್ಪನ ಹೆಸರಿನ ಮೇಲೆ ಬೆರಳಿಟ್ಟು ಹೋಲಿಸಿ, ಚೀಲವನ್ನು ನನ್ನತ್ತ ಸರಿಸಿದರು. ನಂತರ ರಿಜಿಸ್ಟರ್ ತೆಗೆದು, ವಿಳಾಸದ ಜಾಗದಲ್ಲಿ ಸರ್ಟಿಫಿಕೇಟಿನ ಹಳೆಯ ಜಿಲ್ಲೆಯನ್ನೇ ಬರೆಯತೊಡಗಿದರು. ಕಾರ್ಡಿನ ವಿಳಾಸ ಬೇಡವೇ ಎಂದು ಕೇಳಿದೆ.

"ಚೀಲ ನಿಮ್ದು ಅಂತ ಗುರುತು ಹೇಳಿದ್ದು ನಿಮ್ಮಪ್ಪ ಅಲ್ವಾ? ಅವ್ರ ವಿಳಾಸಾನೇ ಇರ್ಲಿ ಬಿಡಿ," ಎಂದರು ತಲೆಯೆತ್ತದೆ.

ಅಪ್ಪನ ಜಿಲ್ಲೆಯ ಕೆಳಗೆ ಸಹಿ ಹಾಕಿದೆ.